ಹೆಣ್ಣುಮಕ್ಕಳು, ಎಂಜಿನಿಯರಿಂಗ್ ಮತ್ತು ನಡುವೆ ನಿಂತ ಭಾಷೆ

ಡೇವಿಡ್ ವೇಡ್ ಚೇಂಬರ್ಸ್ ಎಂಬ ವಿದ್ವಾಂಸರು 1983ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ವಿಜ್ಞಾನಿಯೊಬ್ಬರ ಚಿತ್ರ ಬರೆಯಿರೆಂದು 4,807 ಶಾಲಾಮಕ್ಕಳಿಗೆ ಹೇಳಲಾಗಿತ್ತು. ಅವರಲ್ಲಿ ಮಹಿಳಾ ವಿಜ್ಞಾನಿಯನ್ನು ಚಿತ್ರಿಸಿದವರು ಕೇವಲ 28 ಮಂದಿ. ಆ 28 ಮಂದಿಯೂ ಬಾಲಕಿಯರೇ. ಬಾಲಕಿಯರನ್ನು ಎಂಜಿನಿಯರಿಂಗ್ ಕಡೆಗೆ ಸೆಳೆಯಬಯಸುವ ಯಾವ ಕಾರ್ಯಕ್ರಮವೂ ಮೊದಲು ಎದುರಿಸಬೇಕಾದದ್ದು ಮನಸ್ಸಿನಲ್ಲಿ ಬೇರೂರಿದ ಇಂಥ ಚಿತ್ರವನ್ನು.

ಅದಕ್ಕೆಂದೇ ಸಾಧಕಿಯರ ಕಥೆ ಹೇಳುವ ರೂಢಿ ಬೆಳೆದಿದೆ. ಹದಿನೆಂಟನೆಯ ವಯಸ್ಸಿಗೆ ವಿಧವೆಯಾದ ಎ. ಲಲಿತಾ, ಎಳೆಯ ಮಗಳ ತಾಯಿಯಾಗಿದ್ದೂ ಮದರಾಸಿನ ಗಿಂಡಿ ಕಾಲೇಜಿನಲ್ಲಿ ವಿದ್ಯುತ್ ಎಂಜಿನಿಯರಿಂಗ್ ಓದಿ 1943ರಲ್ಲಿ ತೇರ್ಗಡೆಯಾದರು. ಹೇಳಲೇಬೇಕಾದ ಕಥೆಯಿದು. ಆದರೆ ಅಕ್ಕಲಕೋಟೆ ಸೀಮೆಯ ಒಂಬತ್ತನೆಯ ಇಯತ್ತೆಯ ಹುಡುಗಿಗೆ ಇದಕ್ಕಿಂತ ಹತ್ತಿರದವಳು, ಪಕ್ಕದ ಊರಿನಿಂದ ಸೊಲ್ಲಾಪುರದ ಪಾಲಿಟೆಕ್ನಿಕ್ಕಿಗೆ ದಿನಾಲು ಬಸ್ಸಿನಲ್ಲಿ ಹೋಗಿಬರುವ ಅಕ್ಕ. ಹುಡುಗಿ ನಿಜವಾಗಿ ಕೇಳಬಯಸುವ ಪ್ರಶ್ನೆಗಳಿಗೆ ಉತ್ತರವಿರುವುದು ಅವಳ ಬಳಿ.

ಕೇಂದ್ರ ಸರಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2019ರಲ್ಲಿ ಆರಂಭಿಸಿದ 'ವಿಜ್ಞಾನ ಜ್ಯೋತಿ' ಯೋಜನೆ ಜವಾಹರ ನವೋದಯ ವಿದ್ಯಾಲಯಗಳ ಮೂಲಕ ಒಂಬತ್ತರಿಂದ ಹನ್ನೆರಡನೆಯ ತರಗತಿಯ ಬಾಲಕಿಯರನ್ನು ತಲುಪುತ್ತದೆ. ಪ್ರಯೋಗಾಲಯಗಳ ಭೇಟಿ, ಶಿಬಿರ, ಹೆಚ್ಚುವರಿ ಪಾಠ ಇವುಗಳ ಜೊತೆಗೆ ಪಾಲಕರೊಡನೆ ಸಮಾಲೋಚನೆಯೂ ಅದರಲ್ಲಿ ಸೇರಿದೆ. ಒಂದು ದಿನದ ಉಪನ್ಯಾಸ, ಹಾರ, ಛಾಯಾಚಿತ್ರಗಳಲ್ಲಿ ಮುಗಿಯುವ ಸಮಾರಂಭಕ್ಕೂ ವರ್ಷಗಟ್ಟಲೆ ಕೈಹಿಡಿದು ನಡೆಸುವ ಯೋಜನೆಗೂ ಇರುವ ಅಂತರ ಇಲ್ಲಿಯೇ ತಿಳಿಯುತ್ತದೆ.

ಐಚ್ಛಿಕ ಕನ್ನಡದವರಿಗೆ ಇದರಲ್ಲೇನು ಕೆಲಸ ಎಂಬ ಪ್ರಶ್ನೆ ಸಹಜ. ನಮ್ಮ ಗಡಿಯಲ್ಲಂತೂ ಕೆಲಸವಿರುವುದು ಅವರಿಗೇ. ಬಾಲಭಾರತಿಯ ಕನ್ನಡ ವಿಜ್ಞಾನ ಪುಸ್ತಕ ಹತ್ತನೆಯ ಇಯತ್ತೆಗೆ ಮುಗಿಯುತ್ತದೆ; ಹನ್ನೊಂದನೆಯ ಇಯತ್ತೆಯ ವಿಜ್ಞಾನ ಶಾಖೆಯ ಪಾಠ ಇಂಗ್ಲಿಷಿನಲ್ಲಿ, ತರಗತಿಯ ಮಾತುಕತೆ ಮರಾಠಿಯಲ್ಲಿ. ಜೆಇಇ ಮುಖ್ಯ ಪರೀಕ್ಷೆಯನ್ನು 2021ರಿಂದ ಕನ್ನಡದಲ್ಲಿಯೂ ಬರೆಯಬಹುದೆಂದು ನಾವು ಹಿಗ್ಗಿದೆವು. ಆದರೆ ಕನ್ನಡದ ಪ್ರಶ್ನೆಪತ್ರಿಕೆ ದೊರೆಯುವುದು ಕರ್ನಾಟಕದೊಳಗಿನ ಕೇಂದ್ರಗಳಲ್ಲಿ ಮಾತ್ರ. ಗಡಿಯಾಚೆಯ ಕನ್ನಡತಿಯನ್ನು ನಿಯಮ ರೂಪಿಸಿದವರು ನೆನೆಸಿಕೊಂಡಂತಿಲ್ಲ.

ಪಾರಿಭಾಷಿಕ ಪದಗಳ ತೊಡಕನ್ನೇ ನೋಡಿ. ಕನ್ನಡ ಪುಸ್ತಕದ 'ಜವ' ಮರಾಠಿಯಲ್ಲಿ 'ಚಾಲ'; 'ವೇಗ' ಎರಡರಲ್ಲಿಯೂ ವೇಗವೇ; 'ವೇಗೋತ್ಕರ್ಷ' ಮಾತ್ರ ಅಲ್ಲಿ 'ತ್ವರಣ'. ಮೂರನ್ನೂ ಅರಿತ ಹುಡುಗಿ ಕಾಲೇಜಿನಲ್ಲಿ ಇಂಗ್ಲಿಷ್ ಹೆಸರು ಕೇಳಿ ತನಗೇನೂ ತಿಳಿಯದೆಂದು ಕಂಗೆಡುತ್ತಾಳೆ. ತಿಳಿಯದಿರುವುದು ಭೌತಶಾಸ್ತ್ರವಲ್ಲ, ಹೆಸರು. ಕನ್ನಡ, ಮರಾಠಿ, ಇಂಗ್ಲಿಷುಗಳಲ್ಲಿ ಇನ್ನೂರು ಪದಗಳ ಕೈಹೊತ್ತಿಗೆಯೊಂದನ್ನು ನಿಮ್ಮ ತರಗತಿ ಒಂದು ಸತ್ರದಲ್ಲಿ ಸಿದ್ಧಪಡಿಸಬಲ್ಲುದು.

ಕೈಗೆ ಕೆಲಸ ಕೊಡುವ ಪ್ರಯೋಗಕ್ಕೆ ಸೊಲ್ಲಾಪುರಕ್ಕಿಂತ ತಕ್ಕ ಊರು ಬೇರಿಲ್ಲ. ಇಲ್ಲಿನ ಚಾದರದ ನಕ್ಷೆ ಮೂಡುವುದು ಜಕಾರ್ಡ್ ಮಗ್ಗದಲ್ಲಿ. ರಟ್ಟಿನ ಪಟ್ಟಿಯಲ್ಲಿ ರಂಧ್ರವಿದ್ದರೆ ಅದಕ್ಕೆ ಸೇರಿದ ಹಾಸುನೂಲು ಮೇಲೇಳುತ್ತದೆ, ಇಲ್ಲದಿದ್ದರೆ ಇಲ್ಲ. ಎದ್ದ ನೂಲುಗಳ ಅಡಿಯಲ್ಲಿ ಹೊಕ್ಕು ಹಾಯುತ್ತದೆ. ಇದೆ, ಇಲ್ಲ ಎಂಬ ಎರಡೇ ಸಂಕೇತಗಳಿಂದ ಹೂವು ಅರಳುತ್ತದೆ. ಚಾರ್ಲ್ಸ್ ಬ್ಯಾಬೇಜ್ ತಮ್ಮ ಗಣಕಯಂತ್ರದ ಕಲ್ಪನೆಗೆ ಈ ಪಟ್ಟಿಗಳನ್ನೇ ಎರವಲು ಪಡೆದರು; ಆ ಯಂತ್ರವನ್ನು ಕುರಿತು 1843ರಲ್ಲಿ ಆಳವಾದ ಟಿಪ್ಪಣಿಗಳನ್ನು ಬರೆದವರು ಏಡಾ ಲವ್‌ಲೇಸ್ ಎಂಬ ಮಹಿಳೆ. ಚೌಕಳಿ ಕಾಗದ ಕೊಟ್ಟು ಒಂದು ಎಲೆಯ ನಕ್ಷೆಯನ್ನು ರಂಧ್ರಗಳಾಗಿ ಬರೆಯಿಸಿದರೆ, ನೇಕಾರರ ಮನೆಯ ಹುಡುಗಿಯೇ ಅಂದು ತರಗತಿಗೆ ಗುರು.

ಉಳಿದದ್ದು ಮನೆಯವರ ಮಾತು. ಪಾಲಕರ ಸಭೆಯನ್ನು ಹತ್ತನೆಯ ಇಯತ್ತೆಯ ಫಲಿತಾಂಶದ ನಂತರ ಕರೆದರೆ ತಡವಾಯಿತೆಂದೇ ಲೆಕ್ಕ. ಒಂಬತ್ತನೆಯ ಇಯತ್ತೆಯ ದೀಪಾವಳಿ ರಜೆಯ ಹೊತ್ತಿಗೆ, ಅವರ ಊರಿನಲ್ಲಿಯೇ, ಕನ್ನಡದಲ್ಲಿಯೇ ನಡೆಯಬೇಕು. ಹತ್ತನೆಯ ಇಯತ್ತೆಯ ನಂತರ ಮೂರು ವರ್ಷದ ಡಿಪ್ಲೊಮಾ ಮುಗಿಸಿ ಪದವಿಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದೆಂಬುದನ್ನು ಅಲ್ಲಿ ಬಿಡಿಸಿ ಹೇಳಬೇಕು. ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಳೊಳಗಿರುವ ಇತರ ಹಿಂದುಳಿದ ವರ್ಗ ಮತ್ತು ಆರ್ಥಿಕ ದುರ್ಬಲ ವರ್ಗದ ಕುಟುಂಬಗಳ ಹೆಣ್ಣುಮಕ್ಕಳಿಗೆ ವೃತ್ತಿಪರ ಶಿಕ್ಷಣದ ಶುಲ್ಕದಲ್ಲಿ ಮಹಾರಾಷ್ಟ್ರ ಸರಕಾರ 2024–25ರಿಂದ ಪೂರ್ಣ ರಿಯಾಯಿತಿ ನೀಡಿದೆ. ಸರಕಾರದ ನಿರ್ಣಯ ಮರಾಠಿಯಲ್ಲಿದೆ. ಅದರ ಕನ್ನಡ ಸಾರಾಂಶ ಒಂದು ಪುಟದಲ್ಲಿ ಹಿಡಿಯುತ್ತದೆ. ಆ ಪುಟವನ್ನು ಬರೆದು, ಜೊತೆಗೆ ಆದಾಯದ ದಾಖಲೆಯನ್ನು ತಹಶೀಲ ಕಚೇರಿಯಿಂದ ಪಡೆಯುವ ಬಗೆಯನ್ನೂ ಸೇರಿಸಿ ಸಭೆಗೆ ಒಯ್ಯಿರಿ.