ಹಸಿದ ಹೊಲವೂ ಜೋಳದ ಬಿಳಿಕಸವೂ

ಜೋಳದ ಬಿಳಿಕಸವು ಸ್ವತಂತ್ರವಾಗಿ ಬದುಕಲಾರದ ಕಳೆಯು. ಅದು ತನ್ನ ಬೇರನ್ನು ಜೋಳದ ಬೇರಿಗೆ ತಗುಲಿಸಿ, ಪೈರಿಗೆ ಸಲ್ಲಬೇಕಾದ ನೀರನ್ನೂ ಸಾರವನ್ನೂ ಹೀರುವುದು. ಸತ್ತ್ವಗುಂದಿದ ನೆಲದಲ್ಲಿ ಇದರ ಹಾವಳಿಯು ಹೆಚ್ಚೆಂಬುದನ್ನು ಅನುಭವಶಾಲಿಗಳಾದ ಬೇಸಾಯಗಾರರು ಬಲ್ಲರು. ಇದಕ್ಕೆ ಕಾರಣವು ಜೋಳದ ಬೇರಿನಲ್ಲಿಯೇ ಇದೆ.

ಬಿಳಿಕಸದ ಒಂದು ಗಿಡವು ಹತ್ತಾರು ಸಾವಿರ ಬೀಜಗಳನ್ನು ಉದುರಿಸಬಲ್ಲದು. ಧೂಳಿನಷ್ಟು ಸಣ್ಣವಾದ ಈ ಬೀಜಗಳು ೧೦ ವರ್ಷಗಳಿಗೂ ಮೇಲ್ಪಟ್ಟು ಮಣ್ಣಿನಲ್ಲಿ ಜೀವದಿಂದಿರಬಲ್ಲವು. ನೆಲವು ಹದವಾದ ಮಾತ್ರಕ್ಕೆ ಅವು ಮೊಳೆಯುವುದಿಲ್ಲ; ಸಮೀಪದ ಬೇರು ಹೊರಸೂಸುವ ಒಂದು ಬಗೆಯ ದ್ರವ್ಯವು ಸೋಂಕಿದರೆ ಮಾತ್ರ ಮೊಳೆಯುತ್ತವೆ. ಇಂತಹ ದ್ರವ್ಯವೊಂದನ್ನು ವಿಜ್ಞಾನಿಗಳು ೧೯೬೬ರಲ್ಲಿ ಹತ್ತಿಯ ಬೇರಿನ ಸ್ರಾವದಿಂದ ಬೇರ್ಪಡಿಸಿದರು. ಅದಕ್ಕೆ ಸ್ಟ್ರೈಗೋಲ್ ಎಂದು ಹೆಸರು. ಜೋಳದ ಬೇರೂ ಇದೇ ಜಾತಿಯ ದ್ರವ್ಯಗಳನ್ನು ಸೂಸುತ್ತದೆ.

ಪೈರು ತನ್ನ ಶತ್ರುವನ್ನು ತಾನೇ ಕರೆಯುವುದೇಕೆ? ಆ ಕರೆಯು ಮಿತ್ರನಿಗಾಗಿ ಇರುವುದು. ಬೇರಿನಲ್ಲಿ ನೆಲಸಿ, ಮಣ್ಣಿನ ರಂಜಕವನ್ನು ಪೈರಿಗೆ ತಂದುಕೊಡುವ ಉಪಕಾರಿ ಶಿಲೀಂಧ್ರಗಳುಂಟು. ಇದೇ ದ್ರವ್ಯವು ಅವುಗಳ ಎಳೆಗಳನ್ನು ಕವಲೊಡೆಯಿಸಿ ಬೇರನ್ನು ಸೇರುವಂತೆ ಮಾಡುವುದೆಂದು ೨೦೦೫ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿಕೊಟ್ಟರು. ರಂಜಕವಾಗಲಿ ಸಾರಜನಕವಾಗಲಿ ಕಡಮೆಯಾದಾಗ ಜೋಳವು ಈ ದ್ರವ್ಯವನ್ನು ಅಧಿಕವಾಗಿ ಸೂಸುವುದೆಂಬುದು ೨೦೦೭ರಲ್ಲಿ ಪ್ರಕಟವಾದ ಪ್ರಯೋಗಗಳಿಂದ ತಿಳಿದುಬಂದಿತು. ಹಸಿದ ಪೈರು ಮಿತ್ರನನ್ನು ಗಟ್ಟಿಯಾಗಿ ಕೂಗುವುದು. ಆ ಕೂಗನ್ನು ಶತ್ರುವೂ ಕೇಳುವುದು.

ಆದಕಾರಣ ಜಮೀನುದಾರರು ಈ ಮೂರು ಕ್ರಮಗಳನ್ನು ಅನುಸರಿಸತಕ್ಕದ್ದು.

೧. ಮಣ್ಣನ್ನು ಪರೀಕ್ಷೆ ಮಾಡಿಸಿ, ಕೊಟ್ಟಿಗೆ ಗೊಬ್ಬರದೊಡನೆ ಕೊರತೆಯಿರುವ ಸಾರಜನಕ, ರಂಜಕಗಳನ್ನು ಒದಗಿಸಬೇಕು.

೨. ಜೋಳದ ಮೇಲೆ ಜೋಳವನ್ನೇ ಬಿತ್ತದೆ, ಹತ್ತಿ ಅಥವಾ ಶೇಂಗಾ ಬೆಳೆಯನ್ನು ಸರದಿಯಲ್ಲಿ ಇಡಬೇಕು. ಇವುಗಳ ಬೇರಿನ ಸ್ರಾವಕ್ಕೆ ಬಿಳಿಕಸವು ಮೊಳೆಯುವುದಾದರೂ, ಹಿಡಿದು ಹೀರಲು ಆಸರೆ ಸಿಕ್ಕದೆ ಸಾಯುವುದು.

೩. ಬಿಳಿಕಸವನ್ನು ಹೂವಾಗುವುದಕ್ಕೆ ಮುಂಚೆಯೇ ಕಿತ್ತು ಸುಡಬೇಕು. ಕಳೆಯು ನೆಲದ ಮೇಲೆ ಕಾಣಿಸಿಕೊಳ್ಳುವ ವೇಳೆಗೆ ಪೈರಿಗೆ ಆಗತಕ್ಕ ಹಾನಿಯು ಬಹುಪಾಲು ಆಗಿಹೋಗಿರುತ್ತದೆ. ಆದರೂ ಕೀಳುವುದರಿಂದ ಮುಂದಿನ ವರ್ಷಗಳ ಬೀಜವು ತಪ್ಪುವುದು.

ಒಬ್ಬನ ಹೊಲದ ಬೀಜವು ಗಾಳಿ, ನೀರು, ದನಗಳ ಕಾಲು, ಬೇಸಾಯದ ಉಪಕರಣಗಳ ಮೂಲಕ ನೆರೆಯವನ ಹೊಲವನ್ನು ಸೇರುತ್ತದೆ. ಒಬ್ಬನು ಕಿತ್ತು, ಇನ್ನೊಬ್ಬನು ಬಿಟ್ಟರೆ ಇಬ್ಬರ ಶ್ರಮವೂ ವ್ಯರ್ಥವು. ಆದುದರಿಂದ ಗ್ರಾಮದ ಮುಖ್ಯಸ್ಥರು ಬಿತ್ತನೆಗೆ ಮುಂಚೆಯೇ ರೈತರನ್ನು ಕೂಡಿಸಿ, ಈ ವಿಷಯವನ್ನು ತಿಳಿಯಹೇಳಿ, ಊರೆಲ್ಲವೂ ಒಂದಾಗಿ ಈ ಕ್ರಮಗಳನ್ನು ಕೈಕೊಳ್ಳುವಂತೆ ಮಾಡುವುದು ಅತ್ಯವಶ್ಯಕವು.