ಮನೆಯ ಬ್ಯಾಟರಿಗೆ ಸಂಜೆಯ ಬೆಲೆ

1902ನೆಯ ಇಸವಿಯಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಕೋಲಾರದ ಚಿನ್ನದ ಗಣಿಗಳಿಗೆ ಹರಿಯತೊಡಗಿತು. ಬೇಸಗೆಯಲ್ಲಿ ಕಾವೇರಿಯು ಬಡವಾದೊಡನೆ ಅಲ್ಲಿಯ ಯಂತ್ರಗಳೂ ಸೊರಗುತ್ತಿದ್ದುವು. ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಕಾದ ಕಾಲಕ್ಕೆ ಬಿಡಬೇಕೆಂಬುದೂ 1911ರಲ್ಲಿ ಕಣ್ಣಂಬಾಡಿಯ ಕಟ್ಟೆಯ ಕೆಲಸಕ್ಕೆ ಕೈಹಾಕಲು ಕಾರಣಗಳಲ್ಲೊಂದು. ಶ್ರೀರಂಗಪಟ್ಟಣ, ಪಾಂಡವಪುರಗಳ ವಾಚಕರಿಗೆ ಇದನ್ನು ನಾವು ವಿವರಿಸಬೇಕಾದುದಿಲ್ಲ. ಇಂದು ಅದೇ ಪ್ರಶ್ನೆಯು ಬಿಸಿಲಿನ ವಿಷಯದಲ್ಲಿ ಎದ್ದಿದೆ: ಸೂರ್ಯಶಕ್ತಿಯು ನಡುಹಗಲಲ್ಲಿ ಹೇರಳ, ದೀಪ ಹಚ್ಚುವ ಹೊತ್ತಿಗೆ ಶೂನ್ಯ.

ಪರದೇಶಗಳಲ್ಲಿ ಇದಕ್ಕೊಂದು ಉಪಾಯವನ್ನು ಕಂಡುಕೊಂಡಿದ್ದಾರೆ. ಮಾಳಿಗೆಯ ಮೇಲೆ ಸೌರಫಲಕ, ಮನೆಯೊಳಗೆ ಬ್ಯಾಟರಿ. ಸಾವಿರಾರು ಮನೆಗಳ ಬ್ಯಾಟರಿಗಳನ್ನು ಗಣಕಯಂತ್ರದ ಅಪ್ಪಣೆಯೊಂದಕ್ಕೆ ಒಳಪಡಿಸಿ, ಸಂಜೆ ಬೇಡಿಕೆಯೇರಿದಾಗ ಅವೆಲ್ಲವೂ ಒಮ್ಮೆಗೇ ವಿದ್ಯುತ್ ಜಾಲಕ್ಕೆ ಶಕ್ತಿಯನ್ನು ಬಿಡುವಂತೆ ಮಾಡುತ್ತಾರೆ. ಇದಕ್ಕೆ ವರ್ಚುಯಲ್ ಪವರ್ ಪ್ಲಾಂಟ್ ಎಂದು ಹೆಸರು. ಕಟ್ಟಡವೇ ಇಲ್ಲದ ವಿದ್ಯುದಾಗಾರವೆನ್ನಬಹುದು. ದಕ್ಷಿಣ ಆಸ್ಟ್ರೇಲಿಯದ ಸರಕಾರವು 2018ರಲ್ಲಿ 50,000 ಮನೆಗಳ ಯೋಜನೆಯನ್ನು ಸಾರಿತು. ಕ್ಯಾಲಿಫೋರ್ನಿಯದಲ್ಲಿ 2022ರಲ್ಲಿ, ಜಾಲವು ಸಂಕಟಕ್ಕೊಳಗಾದ ಹೊತ್ತಿನಲ್ಲಿ ಕೊಟ್ಟ ಪ್ರತಿ ಯೂನಿಟ್ಟಿಗೆ ಮನೆಯವರಿಗೆ 2 ಡಾಲರುಗಳನ್ನು ಗೊತ್ತುಮಾಡಿದರು. ಈ ಬೆಲೆಯೇ ಇಡೀ ಏರ್ಪಾಡಿನ ಜೀವ.

ನಮ್ಮಲ್ಲಿ? ಕೇಂದ್ರ ಸರಕಾರದವರು 2024ರಲ್ಲಿ ಆರಂಭಿಸಿದ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟಿನ ಫಲಕಗಳಿಗೆ 78,000 ರೂಪಾಯಿ ಸಹಾಯಧನವುಂಟು. ಆದರೆ ಅದು ಫಲಕವನ್ನು ನೋಡಿ ಬರುವ ಹಣ, ಬ್ಯಾಟರಿಯನ್ನು ನೋಡಿ ಅಲ್ಲ. ಬ್ಯಾಟರಿಯಿಲ್ಲದೆ ಜಾಲಕ್ಕೆ ಮಾತ್ರ ಜೋಡಿಸಿದ ಫಲಕವು, ಲೈನು ಹೋದೊಡನೆ ತಾನೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮನ್ನನ ಪ್ರಾಣರಕ್ಷಣೆಗೆ ಇದು ಆವಶ್ಯಕವೇ ಸರಿ. ಹೀಗಾಗಿ ಮಾಳಿಗೆಯ ತುಂಬ ಬಿಸಿಲಿದ್ದರೂ ಕೃಷ್ಣರಾಜಪೇಟೆಯ ಗೃಹಸ್ಥನು ಬೇರೊಂದು ಯುಪಿಎಸ್ ಇಟ್ಟುಕೊಳ್ಳಬೇಕು. ಅದರಿಂದ ಅವನ ಮನೆಗಷ್ಟೇ ಬೆಳಕು.

ಇನ್ನೊಂದು ತೊಡಕನ್ನು ಅಧಿಕಾರಿಗಳು ಬಾಯಿಬಿಟ್ಟು ಹೇಳುವುದು ಅಪರೂಪ. 2023ರ ಗೃಹಜ್ಯೋತಿಯು 200 ಯೂನಿಟ್ಟುಗಳ ಮಿತಿಯೊಳಗೆ ಮನೆಯ ಬಿಲ್ಲನ್ನು ಸೊನ್ನೆಗಿಳಿಸಿತು. ಬಡವರಿಗೆ ಅದು ದೊಡ್ಡ ಉಪಕಾರ. ಅದನ್ನು ನಾವು ಹಳಿಯುವುದಿಲ್ಲ. ಆದರೆ ಉಳಿಸಲು ಬಿಲ್ಲೇ ಇಲ್ಲದವನು ಬ್ಯಾಟರಿಗೆ ಏಕೆ ಹಣ ಸುರಿದಾನು? ಕೊಟ್ಟುದಕ್ಕೆ ಬೆಲೆ ಬಂದರೆ ಮಾತ್ರ.

ಬೆಲೆಯ ನ್ಯಾಯವು ಸರಕಾರದ ಕಾಗದದಲ್ಲಿಯೇ ಇದೆ. ಬಿಸಿಲಿನ ಹೊತ್ತಿನಲ್ಲಿ ದರವು ಕನಿಷ್ಠ ನೂರಕ್ಕೆ 20 ಕಡಿಮೆಯಿರಬೇಕು, ಬೇಡಿಕೆಯೇರಿದ ಹೊತ್ತಿನಲ್ಲಿ ಮನೆಗಳಿಗೆ ನೂರಕ್ಕೆ 10ಕ್ಕೆ ಕಡಿಮೆಯಿಲ್ಲದಂತೆ ಹೆಚ್ಚಿರಬೇಕು ಎಂದು 2023ರಲ್ಲಿ ತಿದ್ದಿದ ಗ್ರಾಹಕರ ಹಕ್ಕುಗಳ ನಿಯಮಗಳು ಹೇಳುತ್ತವೆ. ಸಂಜೆ ಕೊಳ್ಳುವವನಿಂದ ಹೆಚ್ಚು ಕೇಳಬಹುದಾದರೆ, ಸಂಜೆ ಕೊಡುವವನಿಗೂ ಹೆಚ್ಚು ಸಲ್ಲಬೇಡವೆ? ನೆಟ್ ಮೀಟರಿನ ರೂಢಿಯ ಲೆಕ್ಕವು ಯೂನಿಟ್ಟಿಗೆ ಯೂನಿಟ್ಟನ್ನು ವಜಾಮಾಡುತ್ತದೆಯೇ ಹೊರತು ಹೊತ್ತನ್ನು ನೋಡುವುದಿಲ್ಲ.

ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ನಿಗಮದವರು ಈ ನಾಲ್ಕು ತಾಲ್ಲೂಕುಗಳ ಯಾವುದಾದರೊಂದು ಪೇಟೆಯ ಒಂದು ಬೀದಿಯಲ್ಲಿ ಇದನ್ನು ಪರೀಕ್ಷಿಸಲಿ. ಯಾವ ದಿನ, ಯಾವ ಗಂಟೆಯಲ್ಲಿ, ಎಷ್ಟು ಯೂನಿಟ್ಟು ತೆಗೆದುಕೊಂಡರೆಂಬ ಲೆಕ್ಕವನ್ನು ತಿಂಗಳಿಗೊಮ್ಮೆ ಕನ್ನಡದಲ್ಲಿ ಮನೆಯವನ ಕೈಗೆ ಕೊಡಲಿ. ಬ್ಯಾಟರಿಯ ಸವೆತವನ್ನೂ ದರದಲ್ಲಿ ಸೇರಿಸಲಿ. ನಾಗಮಂಗಲದಲ್ಲಿ ರಾತ್ರಿ ಲೈನು ಹೋದಾಗ, ಜಾಲಕ್ಕೆ ಕೊಟ್ಟವನ ಮನೆಯೇ ಕತ್ತಲಾಗಕೂಡದು. ಬ್ಯಾಟರಿಯಲ್ಲಿ ಅವನ ಪಾಲಿಗೆ ಎಷ್ಟು ಮೀಸಲೆಂಬುದನ್ನು ಮೊದಲೇ ಕರಾರಿನಲ್ಲಿ ಬರೆದಿಡಲಿ.