ದಖನಿ ಕುರಿಯ ಕರಿ ಉಣ್ಣೆ

ಹೈದರಾಬಾದಿನ ಸುಲ್ತಾನ್ ಬಜಾರಿನಲ್ಲಿ ಸೀರೆ, ಶಾಲುಗಳ ಅಂಗಡಿಗಳಿಗೆ ಲೆಕ್ಕವಿಲ್ಲ. ಬ್ರಿಟಿಷ್ ರೆಸಿಡೆನ್ಸಿಯ ಮಗ್ಗುಲಲ್ಲಿ ಬೆಳೆದು, 1933ರಲ್ಲಿ ನಿಜಾಮರ ಕೈಗೆ ಮರಳಿದ ಪೇಟೆ ಇದು. ರಾಯಚೂರು, ಕಲಬುರಗಿ, ಬೀದರ್‌ಗಳು 1956ರವರೆಗೆ ಹೈದರಾಬಾದ್ ರಾಜ್ಯಕ್ಕೇ ಸೇರಿದ್ದವು. ಹತ್ತಿರದ ಕಾಚಿಗುಡದಲ್ಲಿ ಕನ್ನಡದ ನೆಲೆ ಈಗಲೂ ಇದೆ. ಕನ್ನಡಿಗರ ಕಂಬಳಿಯೇ ತೆಲುಗರ ಗೊಂಗಡಿ. ಅದನ್ನು ಹೊದೆಯುವ ಇಲ್ಲಿನ ಕುರುಮರಿಗೂ ನಮ್ಮ ಕುರುಬರಿಗೂ ಬೀರಪ್ಪನೇ ದೇವರು. ಆದರೂ ಈ ಅಂಗಡಿಸಾಲಿನಲ್ಲಿ ಕರಿ ಕಂಬಳಿ ಕಣ್ಣಿಗೆ ಬೀಳುವುದು ಅಪರೂಪ.

ಉಣ್ಣೆಗಾಗಿ ಅಲ್ಪಾಕಾ ಸಾಕುವ ಆಸೆಯುಳ್ಳವರು ಮೊದಲು ಈ ಕಂಬಳಿಗೆ ಉಣ್ಣೆ ಕೊಡುವ ದಖನಿ ಕುರಿಯನ್ನು ನೋಡಬೇಕು. ಆಂಡಿಸ್ ಪರ್ವತಗಳ ಚಳಿಗೆ ಒಗ್ಗಿದ ಅಲ್ಪಾಕಾಕ್ಕೆ ತೆಲಂಗಾಣದ ಮೇ ತಿಂಗಳ ಬಿಸಿಲು ಹಿಂಸೆ. ಅದರ ಉಣ್ಣೆ ಮೃದು, ನಿಜ. ದಖನಿಯದು ಒರಟು, ಮೈಗೆ ಚುಚ್ಚುತ್ತದೆ. ಆದರೆ ಜಡಿಮಳೆಯಲ್ಲಿ ಕಂಬಳಿಯ ಕೊಪ್ಪೆ ಹಾಕಿಕೊಂಡು ಹಿಂಡಿನ ಹಿಂದೆ ನಿಂತವನನ್ನು ಕಾಯುವುದು ಆ ಒರಟು ಉಣ್ಣೆಯೇ.

ಇದರ ಸಾಕಣೆಯೆಂದರೆ ನಡಿಗೆ. ಮಳೆಗಾಲದಲ್ಲಿ ಎರೆಭೂಮಿಯ ಕೆಸರಿಗೆ ಗೊರಸು ಕೊಳೆಯುತ್ತದೆಂದು ಹಿಂಡು ಒಣನೆಲ ಹುಡುಕಿ ಹೊರಡುತ್ತದೆ. ಸುಗ್ಗಿ ಮುಗಿದ ಹೊಲಗಳಲ್ಲಿ ರಾತ್ರಿ ಮಂದೆ ಬಿಡುತ್ತಾರೆ. ಹಿಕ್ಕೆ, ಗಂಜಲ ರೈತನಿಗೆ, ಕಾಳೋ ಕಾಸೋ ಕುರುಬನಿಗೆ. ನೀಲಿನಾಲಿಗೆ, ಕರುಳುಬೇನೆಗಳಿಗೆ ಹೊತ್ತಿಗೆ ಸರಿಯಾಗಿ ಲಸಿಕೆ ಹಾಕಿಸಬೇಕು. ವರ್ಷಕ್ಕೆ ಎರಡು ಸಲ, ಹಳ್ಳದಲ್ಲಿ ಮೈತೊಳೆಸಿ, ಒಣಗಿಸಿ, ಕತ್ತರಿ ಹಾಕುತ್ತಾರೆ. ಮರಿಯ ಮೊದಲ ಉಣ್ಣೆ ಎಲ್ಲಕ್ಕಿಂತ ನಯ. ನೂತ ನೂಲಿಗೆ ಹುಣಸೆಬೀಜದ ಗಂಜಿ ತೊಡೆದರೆ ಹಾಸು ಬಿಗಿಯಾಗಿ ನಿಲ್ಲುತ್ತದೆ. ಕುರಿ ಕಾಯುವವನಿಂದ ನೇಯುವವನ ತನಕ ಎಷ್ಟು ಕೈಗಳ ಜಾಣ್ಮೆ ಒಂದು ಕಂಬಳಿಯಲ್ಲಿ ಕೂಡಿದೆ!

ಈ ಜಾಣ್ಮೆ ಈಗ ಸೊರಗುತ್ತಿದೆ. ಮಾಂಸಕ್ಕೆ ಬೇಡಿಕೆ ಏರಿದಂತೆ, ಬೇಗ ಬೆಳೆಯುವ, ಮೈಮೇಲೆ ಉಣ್ಣೆಯಿಲ್ಲದ ನೆಲ್ಲೂರು ಟಗರುಗಳು ಹಿಂಡುಗಳಿಗೆ ಬಂದವು. ತೆಲಂಗಾಣ ಸರ್ಕಾರ 2017ರಲ್ಲಿ ಕುರಿಗಾಹಿಗಳಿಗೆ ತಲಾ 20 ಕುರಿ, ಒಂದು ಟಗರನ್ನು ಶೇ 75ರ ಸಹಾಯಧನದಲ್ಲಿ ಹಂಚತೊಡಗಿತು. ಬಡ ಕುಟುಂಬಗಳಿಗೆ ಅದು ಆಸರೆಯೇ ಆಗಿತ್ತು. ಆದರೆ ಆ ಲೆಕ್ಕದಲ್ಲಿ ಉಣ್ಣೆಗೆ ಜಾಗವಿರಲಿಲ್ಲ. ಬೆರಕೆ ಮರಿಗಳ ಮೈಯಲ್ಲಿ ಕತ್ತರಿ ಆಡಿಸುವಷ್ಟು ಉಣ್ಣೆ ಉಳಿಯುವುದಿಲ್ಲ.

ಟಗರು ಆರಿಸುವಾಗ ತೂಕ, ಎತ್ತರದ ಜೊತೆಗೆ ಮೈಯ ಉಣ್ಣೆಯನ್ನೂ ಬೆರಳಿಂದ ಬಿಡಿಸಿ ನೋಡುವ ಹಿರಿಯರು ಇನ್ನೂ ಇದ್ದಾರೆ. ಅವರ ಮಾತು ನಡೆಯಬೇಕಾದರೆ ಉಣ್ಣೆ ಮಾರಿದ ಹಣ ಕತ್ತರಿಸುವ ಕೂಲಿಯನ್ನು ಮೀರಬೇಕು. ಸರ್ಕಾರಗಳು ಕುರಿಗೆ ಕೊಡುವ ಸಹಾಯಧನದಲ್ಲಿ ಒಂದು ಪಾಲನ್ನು ಉಣ್ಣೆ ಖರೀದಿಗೆ ಎತ್ತಿಡಲಿ. ಕರಿ ಟಗರನ್ನು ಕುರುಬರು ತಾವೇ ಹುಡುಕಿ ತರುತ್ತಾರೆ.